ಬಿಸಿಲಿನ ಮಧ್ಯಾಹ್ನ, ಕಾರ್ಟೂನು ಮತ್ತು ಮಗು: ಪಕ್ಕದಲ್ಲಿ ಕುಳಿತು ನೋಡುವ ಬಗೆ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಬೆಳಿಗ್ಗೆ ಹತ್ತರ ನಂತರ ಮಗುವನ್ನು ಅಂಗಳಕ್ಕೆ ಬಿಡುವ ಧೈರ್ಯ ಯಾರಿಗೂ ಬರುವುದಿಲ್ಲ. ಉಷ್ಣಾಂಶ 40 ಡಿಗ್ರಿ ದಾಟುವ ಆ ದಿನಗಳಲ್ಲಿ ಕಿಟಕಿ ಮುಚ್ಚಿ, ಕೂಲರ್ ಹಚ್ಚಿ, ಟಿ.ವಿ.ಯಲ್ಲಿ ಕಾರ್ಟೂನು ಹಾಕಿಕೊಟ್ಟು ಅಡುಗೆಗೆ ಹೋಗುವ ತಾಯಿಯನ್ನು ದೂರುವುದು ನ್ಯಾಯವಲ್ಲ. ಆದರೆ ಮಗು ಮೂರು ತಾಸು ಒಂಟಿಯಾಗಿ ನೋಡುವುದಕ್ಕೂ, ಅರ್ಧ ತಾಸು ಆಯಿಯ ಮಗ್ಗುಲಲ್ಲಿ ಕುಳಿತು ನೋಡುವುದಕ್ಕೂ ಬಹಳ ಅಂತರವಿದೆ.

ಮೊದಲು ವಯಸ್ಸನ್ನು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಮಾರ್ಗಸೂಚಿಯ ಪ್ರಕಾರ ಒಂದು ವರ್ಷ ತುಂಬದ ಶಿಶುವಿಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳಿತು.

ಪರದೆ ಕಡಿಮೆ ಮಾಡಲು ಇನ್ನೊಂದು ಕಾರಣ ಮಾತಿಗೆ ಸಂಬಂಧಿಸಿದ್ದು. ಅಮೆರಿಕದ ಒಂಬತ್ತು ತಿಂಗಳ ಶಿಶುಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎದುರಿಗೆ ಕುಳಿತು ಚೀನಾದ ಮ್ಯಾಂಡರಿನ್ ಭಾಷೆಯಲ್ಲಿ ಆಡಿಸಿದವರಿಂದ ಮಕ್ಕಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ಅದೇ ಮಾತುಗಳನ್ನು ಪರದೆಯ ಮೇಲೆ ತೋರಿಸಿದಾಗ ಕಲಿಯಲಿಲ್ಲ. ನಮ್ಮ ಓಣಿಗಳಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಬೆರೆತು ಕೇಳಿಬರುತ್ತವೆ. ಆಡುತ್ತಲೇ ಅವುಗಳಲ್ಲಿ ಎರಡನ್ನಾದರೂ ಮಕ್ಕಳು ಕಲಿಯುವುದು ಎದುರಿನವರು ತಮ್ಮ ಮಾತಿಗೆ ಮಾತು ಕೊಡುವುದರಿಂದ. ಕಾರ್ಟೂನಿನ ಹಿಂದಿ ಸಾಲುಗಳನ್ನು ಒಪ್ಪಿಸುವ ಮಗುವನ್ನು ಕಂಡು ಹಿಗ್ಗುವ ಮೊದಲು, ಆ ಭಾಷೆಯಲ್ಲೇ ಒಂದು ಸಣ್ಣ ಪ್ರಶ್ನೆ ಕೇಳಿ, ಅದು ಉತ್ತರ ಕೊಡುತ್ತದೆಯೇ ಎಂದು ಪರೀಕ್ಷಿಸುವುದು ಒಳ್ಳೆಯದು.

ಅನಂತರ ಆಯ್ಕೆ. 2011ರಲ್ಲಿ ಪ್ರಕಟವಾದ ಮತ್ತೊಂದು ಅಮೆರಿಕನ್ ಅಧ್ಯಯನದಲ್ಲಿ ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪು ಅತಿ ವೇಗದ ಕಾರ್ಟೂನನ್ನು ಒಂಬತ್ತು ನಿಮಿಷ ನೋಡಿತು, ಇನ್ನೊಂದು ನಿಧಾನಗತಿಯ ಶೈಕ್ಷಣಿಕ ಕಾರ್ಯಕ್ರಮ ನೋಡಿತು, ಮೂರನೆಯದು ಚಿತ್ರ ಬರೆಯಿತು. ಬಳಿಕ ಗಮನ ಮತ್ತು ತಾಳ್ಮೆ ಬೇಡುವ ಕೆಲಸಗಳಲ್ಲಿ ವೇಗದ ಕಾರ್ಟೂನು ನೋಡಿದ ಮಕ್ಕಳೇ ಹಿಂದೆ ಬಿದ್ದವು. ಇದು ನೋಡಿದ ಕೂಡಲೇ ಕಂಡ ಪರಿಣಾಮವೇ ಹೊರತು ಜೀವಮಾನದ ಹಾನಿ ಎಂದು ಯಾರೂ ಹೆದರಬೇಕಿಲ್ಲ. ಮನೆಯಲ್ಲಿ ಪರೀಕ್ಷಿಸುವ ಬಗೆ ಸುಲಭ: ಒಂದು ನಿಮಿಷ ಗಡಿಯಾರ ನೋಡುತ್ತ, ದೃಶ್ಯ ಎಷ್ಟು ಸಲ ಬದಲಾಗುತ್ತದೆಂದು ಎಣಿಸಿ. ಎಣಿಸುವುದೇ ಕಷ್ಟವಾದರೆ ಆ ಕಾರ್ಯಕ್ರಮ ಬದಲಿಸಿ.

ಇನ್ನು ಪಕ್ಕದಲ್ಲಿ ಕೂಡುವುದು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದರಿಂದ, ಅಲ್ಲಿ ದುಡಿಯುವ ತಂದೆಯೂ ಈ ಕೆಲಸಕ್ಕೆ ಒದಗಬಹುದು. ‘ಈಗ ಅವ ಎಲ್ಲಿ ಹೊಂಟಾನ?’, ‘ಆ ಬೆಕ್ಕು ಯಾಕ ಅಳಾಕತ್ತದ?’ ಎಂದು ಕೇಳಿ, ಉತ್ತರಕ್ಕೆ ಕಾಯಬೇಕು. ಹೊಡೆದಾಟದ ದೃಶ್ಯ ಬಂದಾಗ ಸುಮ್ಮನಿರಬಾರದು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರ್ಟೂನಿನಂಥ ಪಾತ್ರವೊಂದು ಗೊಂಬೆಯನ್ನು ಹೊಡೆಯುವುದನ್ನು ನೋಡಿದ ಮಕ್ಕಳು, ನೋಡದ ಮಕ್ಕಳಿಗಿಂತ ಹೆಚ್ಚು ಆಕ್ರಮಣಕಾರಿಯಾಗಿ ವರ್ತಿಸಿದ್ದವು. ಬಂಡೆ ಮೈಮೇಲೆ ಬಿದ್ದರೂ ಮರುಕ್ಷಣ ಎದ್ದು ಓಡುವ ಇಲಿಯನ್ನು ನೋಡಿದ ಮಗುವಿಗೆ, ‘ಖರೇನ ಬಿದ್ರ ಎಷ್ಟ ನೋವಾಗ್ತದ ಗೊತ್ತೇನು?’ ಎಂದು ಆಗಲೇ ಹೇಳಬೇಕು.

ಊಟವನ್ನು ಟಿ.ವಿ.ಯಿಂದ ಬೇರ್ಪಡಿಸಿ. ಪರದೆ ನೋಡುತ್ತ ರೊಟ್ಟಿ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ ಅರಿವು ತಡವಾಗಿ ಬರುತ್ತದೆ. ಮಲಗುವ ಒಂದು ತಾಸು ಮೊದಲು ಟಿ.ವಿ. ಆರಿಸಿ.

ಆರಿಸುವಾಗ ಕಂತು ಮುಗಿಯುವವರೆಗೆ ಕಾಯಿರಿ. ಮಧ್ಯದಲ್ಲೇ ರಿಮೋಟ್ ಕಸಿದುಕೊಂಡರೆ ರಂಪ ಖಂಡಿತ. ‘ಇದು ಮುಗಿದ ಮ್ಯಾಲೆ ಬಂದ್’ ಎಂದು ಮೊದಲೇ ತಿಳಿಸಿ, ಮುಂದಿನ ಕೆಲಸವನ್ನು ಸಿದ್ಧವಾಗಿಡಿ. ನಮ್ಮ ಹಲವು ಮನೆಗಳಲ್ಲಿ ಶಹಾಬಾದ ಫರಸಿಯ ನೆಲವಿದೆ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ತಂಪಾಗುತ್ತದೆ, ಒಣಗಿದ ಮೇಲೆ ಪಾಟಿಯಂತೆ ಬರೆಯಲೂ ಬರುತ್ತದೆ. ಮಗುವಿನ ಕೈಗೆ ಬಳಪ ಕೊಟ್ಟು, ಈಗಷ್ಟೇ ನೋಡಿದ ಕಥೆಯನ್ನು ಅಲ್ಲಿ ಬಿಡಿಸಲು ಹೇಳಿ. ಅದು ಗೀಚಿದ್ದೇನೆಂದು ಕೇಳುತ್ತ, ಹೇಳಿದ್ದನ್ನು ಪೂರ್ತಿ ಆಲಿಸಿ.