ಕಂಪ್ಯೂಟರ್ ಸೈನ್ಸ್ ಓದಿ ಮಳೆ ಲೆಕ್ಕಕ್ಕೆ ಇಳಿಯುವುದು ಹೇಗೆ?

ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಕಂಪ್ಯೂಟರ್ ಸೈನ್ಸ್ ಮುಗಿಸಿದ ಎಲ್ಲರಿಗೂ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸವೇ ಬೇಕು ಅಂತೇನಿಲ್ಲ. ಮಳೆ-ನೀರಿನ ಲೆಕ್ಕ, ಉಪಗ್ರಹ ನಕ್ಷೆ, ಬೆಳೆಗಳ ಹವಾಮಾನ ಇಂಥ ಕಡೆ ಹೋಗುವ ಆಸೆ ಕೆಲವರಿಗೆ. ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ.

ಮೊದಲು ಒಂದು ಕ್ಷೇತ್ರ ಆರಿಸಿಕೊಳ್ಳಿ. ಒಂದೇ ಸಾಕು.

ಆಮೇಲೆ ಅದರ ಮೂಲಪಾಠ ಓದಿ. ಐಐಟಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಆನ್‌ಲೈನ್ ಪಾಠಗಳನ್ನು ಪುಕ್ಕಟೆ ನೋಡಬಹುದು. ಉಪಗ್ರಹ ಚಿತ್ರಗಳ ಬಳಕೆ ಕಲಿಸುವ ಇಸ್ರೋ ಸಂಸ್ಥೆ, ಡೆಹ್ರಾಡೂನಿನ ಐಐಆರ್‌ಎಸ್ ಕೂಡ ಆನ್‌ಲೈನ್‌ನಲ್ಲಿ ಉಚಿತವಾಗಿ ಕಲಿಸುತ್ತದೆ. ‘ತಿಂಗಳಲ್ಲಿ ಎಐ ಎಕ್ಸ್‌ಪರ್ಟ್’ ಅನ್ನುವ ಕೋರ್ಸ್‌ಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಈಗ ಎಡವುವ ಜಾಗ: ಡೇಟಾ. ಯಾರೋ ಶುದ್ಧ ಮಾಡಿಟ್ಟ ಫೈಲ್ ಇಳಿಸಿಕೊಂಡು ಮಾಡೆಲ್ ಓಡಿಸಿದರೆ ಏನೂ ಕಲಿತಂತಾಗುವುದಿಲ್ಲ. ಕೊಡಗಿನ ಎಷ್ಟೋ ಕಾಫಿ ತೋಟಗಳಲ್ಲಿ ದಿನದಿನದ ಮಳೆ ಬರೆದಿಟ್ಟ ಹಳೆಯ ಮಳೆ ಪುಸ್ತಕ ಇರುತ್ತದೆ. ಕೇಳಿ ಪಡೆಯಿರಿ. ಅದರಲ್ಲಿ ಮಳೆ ಇಂಚು-ಸೆಂಟಿನಲ್ಲಿರುತ್ತದೆ; ನೂರು ಸೆಂಟ್ ಸೇರಿದರೆ ಒಂದು ಇಂಚು. ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರ್‌ನಲ್ಲಿ. 25.4ರಿಂದ ಗುಣಿಸಿದರೆ ಆಯಿತಲ್ವಾ ಅನ್ನಬೇಡಿ. 2 ಇಂಚು 5 ಸೆಂಟನ್ನು ಕೆಲವರು 2.5 ಅಂತಲೇ ಬರೆದಿರುತ್ತಾರೆ. ನಿಜವಾದ ಮಳೆ 52 ಮಿ.ಮೀ., ನಿಮ್ಮ ಪ್ರೋಗ್ರಾಂ ಹೇಳುವುದು 63.5. ಎಕ್ಸೆಲ್‌ಗೆ ಹಾಕಿದರಂತೂ 2 ಇಂಚು 50 ಸೆಂಟಿನ 2.50 ಕೂಡ 2.5 ಆಗಿ, ಎರಡಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ, ಸಂಖ್ಯೆಯಾಗಿ ಅಲ್ಲ, ಟೆಕ್ಸ್ಟ್ ಆಗಿ ಟೈಪ್ ಮಾಡಿ. ಆಮೇಲೆ ಅದನ್ನು ಬಿಡಿಸಿ, ಇಂಚು ಒಂದು ಕಾಲಂ, ಸೆಂಟ್ ಇನ್ನೊಂದು ಕಾಲಂ. ಅನುಮಾನ ಬಂದ ಸಾಲಿಗೆ ಗುರುತು ಹಾಕಿ.

ತಾರೀಖೂ ಕೈಕೊಡುತ್ತದೆ. ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ಲೆಕ್ಕಕ್ಕೆ ಹಾಕುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್ ಅದನ್ನೇ ಹಿಂದಿನ ದಿನದ ಸಾಲಿಗೆ ಬರೆದಿರಬಹುದು. ‘ಅಣ್ಣಾ, ಬೆಳಿಗ್ಗೆ ಅಳೆದದ್ದನ್ನು ಯಾವ ತಾರೀಖಿಗೆ ಬರೀತೀರಿ?’ ಅಂತ ಒಮ್ಮೆ ಕೇಳಿದರೆ ಮುಗಿಯಿತು. ಕೇಳದಿದ್ದರೆ ಕಾಫಿ ಹೂ ಅರಳಿಸುವ ಹೂಮಳೆಗೂ ಹೂ ಅರಳಿದ್ದಕ್ಕೂ ಒಂದು ದಿನ ತಪ್ಪುತ್ತದೆ.

ನಕ್ಷೆ ಬೇಕಿದ್ದರೆ ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್ ಸಾಕು, ಅದಕ್ಕೆ ದುಡ್ಡಿಲ್ಲ. ದುಬಾರಿ ಸಾಫ್ಟ್‌ವೇರಿನ ಕಳ್ಳ ಕಾಪಿ ಹುಡುಕಬೇಡಿ. ವಿಸ್ತೀರ್ಣ ಅಳೆಯುವ ಮೊದಲು ನಕ್ಷೆಯನ್ನು ಡಿಗ್ರಿ ಬದಲು ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಗೆ, ಕೊಡಗು ಬರುವ ವಲಯ 43 ಉತ್ತರಕ್ಕೆ ಬದಲಿಸಿಕೊಳ್ಳಿ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ 10 ಮೀಟರ್‌ವರೆಗಿನ ವಿವರ ಸಿಗುತ್ತದೆ ನಿಜ, ಆದರೆ ಜುಲೈನಲ್ಲಿ ಭಾಗಮಂಡಲದ ಮೇಲೆ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ. ಆಗ ಮೋಡದ ಮೂಲಕವೂ ನೋಡಬಲ್ಲ ಸೆಂಟಿನೆಲ್-1ರ ರೇಡಾರ್ ಚಿತ್ರವೇ ಗತಿ.

ಮುಂದೆ ಓದುವುದಾದರೆ ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ 2022ರಿಂದ ಜಿಯೊಮ್ಯಾಟಿಕ್ಸ್ (ಭೂಮಾಪನ, ನಕ್ಷೆ, ಉಪಗ್ರಹ ಚಿತ್ರಗಳ ವಿಷಯ) ಪೇಪರ್ ಇದೆ. ಎಂ.ಟೆಕ್‌ಗೆ ಕಂಪ್ಯೂಟರ್ ಸೈನ್ಸ್‌ನವರನ್ನು ತೆಗೆದುಕೊಳ್ಳುತ್ತಾರಾ ಅಂತ ಆಯಾ ಸಂಸ್ಥೆಯ ನಿಯಮ ಮೊದಲೇ ನೋಡಿಕೊಳ್ಳಿ.

ರೆಸ್ಯೂಮೆಯಲ್ಲಿ ಪೈಥಾನ್, ಜಾವಾ ಎಲ್ಲ ಕೆಳಗಿರಲಿ. ಮಳೆ ಪುಸ್ತಕದ ಕೆಲಸ ಮೇಲೆ ಬರಲಿ, ಎಷ್ಟು ಸಾಲು ಅನುಮಾನ ಅಂತ ಬಿಟ್ಟಿರಿ, ಯಾಕೆ ಬಿಟ್ಟಿರಿ ಅನ್ನುವುದರ ಸಮೇತ.