‘ಆತ್ಮವಿಶ್ವಾಸ’ದ ಮೇಲೆ ಪ್ರಾಸಬದ್ಧ ಕವನ ಸ್ಪರ್ಧೆ ಇದ್ಯಾ? ಕಳ್ಸೋ ಮುಂಚೆ ಇಷ್ಟು ನೋಡ್ಕೊಳ್ಳಿ

ಕಾಲೇಜಲ್ಲೋ ಕನ್ನಡ ಸಂಘದಲ್ಲೋ ವಾಟ್ಸಾಪ್ ಸಾಹಿತ್ಯ ಬಳಗದಲ್ಲೋ ಇಂಥ ಸ್ಪರ್ಧೆ ಒಂದಲ್ಲ ಒಂದು ನಡೀತಾನೇ ಇರುತ್ತೆ, ವಿಷಯ ಆತ್ಮವಿಶ್ವಾಸ, ಪ್ರಾಸ ಕಡ್ಡಾಯ, ಇಂತಿಷ್ಟು ಸಾಲು ಅಂತ. ನೋಡಿದ ತಕ್ಷಣ ಬರೆಯೋಕೆ ಕೂತ್ಕೋಬೇಡಿ. ಮೊದ್ಲು ನಿಯಮ ಪೂರ್ತಿ ಓದಿ, ಅದ್ರಲ್ಲೂ ಪ್ರಾಸ ಅಂದ್ರೆ ಅವರ ಪ್ರಕಾರ ಯಾವ್ದು ಅಂತ ಕೇಳಿ ತಿಳ್ಕೊಳ್ಳಿ. ಹಳೇ ಲೆಕ್ಕದಲ್ಲಿ ಪ್ರಾಸ ಅಂದ್ರೆ ಆದಿಪ್ರಾಸ, ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಅದನ್ನ ಬಿಟ್ಟು ಬರೆದಿದ್ದು ಆಗ ದೊಡ್ಡ ಸುದ್ದಿ. ಈಗಿನ ಸ್ಪರ್ಧೆಗಳಲ್ಲಿ ಬಹುತೇಕ ಕೇಳೋದು ಅಂತ್ಯಪ್ರಾಸ, ಸಾಲಿನ ಕೊನೆ ಹೊಂದಬೇಕು ಅಷ್ಟೇ, ಆದ್ರೂ ಛಂದಸ್ಸು ಗೊತ್ತಿರೋ ತೀರ್ಪುಗಾರರಿದ್ರೆ ಎರಡನೇ ಅಕ್ಷರದ ಕಡೆನೂ ಕಣ್ಣು ಹಾಯಿಸ್ತಾರೆ, ಅದಕ್ಕೇ ಕೇಳಿ ಅಂದಿದ್ದು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಆತ್ಮವಿಶ್ವಾಸ ಅಂತ ಕೊಟ್ರೆ ಹೆಚ್ಚಿನವರು ಬರೆಯೋದು ಈ ಥರ:

ಆತ್ಮವಿಶ್ವಾಸ ನಮಗೆ ಬೇಕು
ಧೈರ್ಯದಿಂದ ಮುಂದೆ ಸಾಗಬೇಕು
ಸೋಲನು ಮೆಟ್ಟಿ ನಿಲ್ಲಬೇಕು
ನಮ್ಮ ಗುರಿಯ ಮುಟ್ಟಬೇಕು

ತೀರ್ಪುಗಾರರ ಮುಂದಿನ ಕಟ್ಟಲ್ಲಿ ಇಂಥದ್ದು ರಾಶಿ ರಾಶಿ ಇರುತ್ತೆ. ಇಲ್ಲಿ ಎರಡು ತೊಂದರೆ. ಒಂದು, ಇದು ಪ್ರಾಸ ಅಲ್ಲ, ಒಂದೇ ಪದ ನಾಲ್ಕು ಸಲ ಬಂದಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದ್ರಿಂದ ಬೇಕು-ಬೇಕು, ದೆನು-ದೆನು ಅಂತ ಪ್ರತ್ಯಯ ತಾನಾಗೇ ಹೊಂದಿಬಿಡುತ್ತೆ, ಅದಕ್ಕೆ ಮಾರ್ಕ್ಸ್ ಸಿಗಲ್ಲ. ನೋಡಿದೆನು-ಬರೆದೆನು ಬರೀ ಪ್ರತ್ಯಯ, ಆದ್ರೆ ಬಂದೆನು-ನಿಂದೆನು ಅಂದಾಗ ಧಾತುನೇ (ಕ್ರಿಯಾಪದದ ಮೂಲ ರೂಪ) ಹೊಂದುತ್ತೆ, ಕಿವಿಗೆ ಎಷ್ಟು ವ್ಯತ್ಯಾಸ ಗೊತ್ತಾಗುತ್ತೆ ಜೋರಾಗಿ ಹೇಳಿ ನೋಡಿ. ಎರಡನೇದು, ಈ ಪದ್ಯದಲ್ಲಿ ಒಬ್ಬ ಮನುಷ್ಯನೂ ಇಲ್ಲ, ಯಾರಿಗೆ ಬೇಕು, ಎಲ್ಲಿಗೆ ಸಾಗಬೇಕು, ಏನೂ ಕಾಣಲ್ಲ, ಬರೀ ಉಪದೇಶ.

ಹಾಗಾಗಿ ಆತ್ಮವಿಶ್ವಾಸ ಅನ್ನೋ ಪದನೇ ಬಳಸದೆ ಬರೀತೀನಿ ಅಂತ ಹಠ ಹಿಡೀರಿ. ಅದು ಇರೋ ಒಬ್ಬರನ್ನ, ಇಲ್ಲದೇ ಇದ್ದು ಬಂದ ಒಂದು ಗಳಿಗೆನ ಹಿಡೀರಿ. ಮೊದಲ ಸಲ ಮೈಕ್ ಮುಂದೆ ನಿಂತ ಹುಡುಗಿ, ವಯಸ್ಸಾದ ಮೇಲೆ ಸ್ಕೂಟಿ ಕಲಿತವರು, ಬ್ಯಾಂಕಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಅಮ್ಮ. ಕೊನೇದನ್ನೇ ತಗೊಳ್ಳೋಣ:

ಅಮ್ಮನೆ ಫಾರಂ ತುಂಬಿದಳಿಂದು
ಯಾರನು ಕೇಳದೆ ‘ಬರೆದುಕೊಡೆಂದು’
ಬೆರಳಲಿ ಮೊದಮೊದಲೆಲ್ಲಾ ತತ್ತರ
ಹೆಬ್ಬೆಟ್ಟೊತ್ತದೆ ಸಹಿಯೇ ಉತ್ತರ

ತತ್ತರ-ಉತ್ತರ ಸುಮ್ನೆ ಹೊಂದಿಸಿದ ಜೋಡಿ ಅಲ್ಲ, ಮೊದಲಿನ ನಡುಕ, ಆಮೇಲಿನ ಧೈರ್ಯ ಎರಡೂ ಅದ್ರಲ್ಲೇ ಬಂತು, ಪ್ರಾಸ ಅರ್ಥನ ಎತ್ತಿಕೊಂಡು ಹೋಗ್ಬೇಕು ಅನ್ನೋದು ಇದಕ್ಕೆ. ಪ್ರಾಸಕ್ಕೋಸ್ಕರ ಸಂಬಂಧ ಇಲ್ಲದ ಪದ ತುರುಕಿದ್ರೆ ಓದೋರಿಗೆ ತಕ್ಷಣ ಗೊತ್ತಾಗುತ್ತೆ. ನಾನಂತೂ ಮೊದ್ಲು ಕೊನೆ ಸಾಲು ಬರ್ಕೊಂಡು ಅದಕ್ಕೆ ಹೊಂದೋ ಪದನ ಆಮೇಲೆ ಹುಡುಕ್ತೀನಿ, ಗಟ್ಟಿ ಪದ ಕೊನೆಗೆ ಸಿಗುತ್ತೆ.

ಇನ್ನು ಲಯ. ಪ್ರಾಸ ಇದ್ದು ಲಯ ಇಲ್ಲಾಂದ್ರೆ ಕವನ ಕುಂಟುತ್ತೆ. ಮಾತ್ರೆ ಅಂದ್ರೆ ಅಕ್ಷರ ಹೇಳೋಕೆ ಹಿಡಿಯೋ ಕಾಲದ ಅಳತೆ, ಅದರ ಲೆಕ್ಕ ಹೈಸ್ಕೂಲಲ್ಲಿ ಓದಿದ್ದೇ, ಹ್ರಸ್ವಕ್ಕೆ 1, ದೀರ್ಘಕ್ಕೆ 2, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರೋ ಅಕ್ಷರಕ್ಕೂ 2. ಅಮ್ಮನೆ | ಫಾರಂ | ತುಂಬಿದ | ಳಿಂದು, ನಾಲ್ಕು ನಾಲ್ಕು ನಾಲ್ಕು, ಕೊನೇದು ಮೂರು, ಅದನ್ನ ಸ್ವಲ್ಪ ಎಳೆದು ಹೇಳಿದ್ರೆ ಸರಿಹೋಗುತ್ತೆ. ಎಲ್ಲಾ ಸಾಲೂ ಹೀಗೇ ನಾಲ್ಕರ ಗುಂಪಲ್ಲಿ ನಡೆದ್ರೆ ತಾಳ ಹಾಕ್ಕೊಂಡು ಓದಬಹುದು. ತಾಳ ತಪ್ಪಿದ ಕಡೆ ಪದ ಬದಲಾಯಿಸಿ, ‘ಸಹಾಯ’ ಅನ್ನೋ ಪದ ತಾಳಕ್ಕೆ ಎಡವಿದ್ರೆ ‘ನೆರವು’ ಅನ್ನಿ. ಮಾತ್ರೆ ತಲೆನೋವು ಅನ್ಸಿದ್ರೆ ದಿನಕರ ದೇಸಾಯಿಯವರ ಚುಟುಕ ಒಂದಷ್ಟು ಗಟ್ಟಿಯಾಗಿ ಓದಿ, ನಾಲ್ಕೇ ಸಾಲಲ್ಲಿ ಪ್ರಾಸ ಎಷ್ಟು ಸಲೀಸಾಗಿ ಕೂರುತ್ತೆ ಅಂತ ಕಿವಿಗೇ ಗೊತ್ತಾಗುತ್ತೆ.

ಶೀರ್ಷಿಕೆಗೆ ‘ಆತ್ಮವಿಶ್ವಾಸ’ ಅಂತ ಇಡ್ಬೇಡಿ ದಯವಿಟ್ಟು, ಅದು ಸ್ಪರ್ಧೆಯ ಹೆಸರು. ಮೇಲಿನದಕ್ಕೆ ‘ಸಹಿ’ ಅಂತ ಸಾಕು.

ಕಳಿಸೋ ಹೊತ್ತಲ್ಲಿ ಎಡವೋರು ಜಾಸ್ತಿ. ‘ಅಪ್ರಕಟಿತ’ ಅಂತ ನಿಯಮ ಇದ್ರೆ ಫೇಸ್‌ಬುಕ್‌ಗೆ ಹಾಕಿದ್ದನ್ನೂ ಎಷ್ಟೋ ಕಡೆ ಪ್ರಕಟಿತ ಅಂತಾನೇ ನೋಡ್ತಾರೆ, ಹಾಗಾಗಿ ಫಲಿತಾಂಶ ಬರೋ ತನಕ ಸ್ಟೇಟಸ್ಸಿಗೂ ಹಾಕ್ಬೇಡಿ. ಕವನದ ಹಾಳೆ ಮೇಲೆ ಹೆಸರು ಬೇಡ ಅಂದಿದ್ರೆ ಫೈಲ್ ಹೆಸರಲ್ಲೂ ನಿಮ್ಮ ಹೆಸರು ಇರಬಾರದು, ವಿವರ ಬೇರೆ ಹಾಳೆಯಲ್ಲಿ, ಜೊತೆಗೆ ಸ್ವರಚಿತ ಅಂತ ಒಂದು ಸಾಲು. ಯೂನಿಕೋಡಲ್ಲಿ ಟೈಪ್ ಮಾಡಿ, ‘ನುಡಿ’ ತಂತ್ರಾಂಶದ ಹಳೇ ಫಾಂಟಲ್ಲಿ ಮಾಡಿದ್ರೆ ಅವರ ಕಂಪ್ಯೂಟರಲ್ಲಿ ಅಕ್ಷರ ಎಲ್ಲಾ ಕಲಸಿಹೋಗಬಹುದು, ಪಿಡಿಎಫ್ ಕೇಳಿದ್ರೆ ಅದನ್ನೇ ಕಳ್ಸಿ. ಪ್ರವೇಶ ಶುಲ್ಕ ಇದ್ರೆ ಯಾರು ನಡೆಸ್ತಿದ್ದಾರೆ, ತೀರ್ಪುಗಾರರು ಯಾರು ಅಂತ ವಿಚಾರಿಸದೆ ದುಡ್ಡು ಹಾಕ್ಬೇಡಿ. ಒತ್ತಕ್ಷರ, ದೀರ್ಘ ಬೇರೆಯವರ ಕೈಲಿ ಒಂದ್ಸಲ ಓದಿಸಿ, ಕೊನೇ ದಿನ ರಾತ್ರಿ ತನಕ ಕಾಯದೆ ಕಳ್ಸಿ, ತಲುಪಿದೆ ಅಂತ ಉತ್ತರ ಬಂದ್ರೆ ಇಟ್ಕೊಳ್ಳಿ, ಬರದಿದ್ರೆ ಮರುದಿನ ಫೋನ್ ಮಾಡಿ ಕೇಳಿ.