ವೈರ್ ಪಾಸ್: ಬಣ್ಣದ ಬಂಡೆಗಳ ಸಂದಿಯಲ್ಲಿ ನಡೆಯುವುದು ಹೇಗೆ?

ಬಾದಾಮಿಯ ಮ್ಯೂಸಿಯಂ ಪಕ್ಕದಿಂದ ಮೇಲಿನ ಶಿವಾಲಯಕ್ಕೆ ಹತ್ತುವಾಗ ಎರಡು ಕೆಂಪು ಬಂಡೆಗಳ ನಡುವಿನ ಸಂದಿಯಲ್ಲಿ ಹಾದು ಹೋಗಿದ್ದೀರಲ್ಲ? ಬಿಸಿಲು ಮೇಲೆಲ್ಲೋ ಉಳಿದುಬಿಡುತ್ತದೆ, ಕೆಳಗೆ ತಣ್ಣಗಿರುತ್ತದೆ. ಆ ಸಂದಿ ಮುಗಿಯದೆ ಸುಮಾರು 20 ಕಿ.ಮೀ. ಹಾವಿನಂತೆ ಸಾಗಿದರೆ ಹೇಗಿದ್ದೀತು, ಅದೇ ಅಮೆರಿಕದ ಯೂಟಾ–ಅರಿಜೋನ ಗಡಿಯ ಬಕ್‌ಸ್ಕಿನ್ ಗಲ್ಚ್. ಜಗತ್ತಿನ ಅತಿ ಉದ್ದದ ಇಕ್ಕಟ್ಟು ಕಮರಿಗಳಲ್ಲಿ ಒಂದು. ಅದರೊಳಗೆ ಇಳಿಯಲು ಸುಲಭದ ಬಾಗಿಲೇ ವೈರ್ ಪಾಸ್.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮವರು ಲಾಸ್ ವೇಗಾಸ್, ಗ್ರ್ಯಾಂಡ್ ಕ್ಯಾನಿಯನ್ ನೋಡಿ ವಾಪಸಾಗುತ್ತಾರೆ. ಮಂಡಿ ಗಟ್ಟಿ ಇದ್ದವರು ಒಂದು ದಿನ ಹೆಚ್ಚು ಇಟ್ಟುಕೊಂಡರೆ ಇದನ್ನೂ ನೋಡಬಹುದು.

1. ಮೊದಲು ಮಳೆಯ ಲೆಕ್ಕ

ಕೃಷ್ಣೆಯ ದಂಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಹಾಬಲೇಶ್ವರದ ಕಡೆ ಮಳೆ ಹಿಡಿದರೆ, ಹನಿ ಬೀಳದ ರಾಯಚೂರಿನಲ್ಲಿ ಹೊಳೆ ತುಂಬುತ್ತದೆ. ಕೃಷ್ಣೆಯಲ್ಲಿ ನೀರು ಬರಲು ದಿನಗಳು ಬೇಕು, ಈ ಕಮರಿಯಲ್ಲಿ ಗಂಟೆ ಸಾಕು. ಬೋಳು ಬಂಡೆ ನೀರು ಕುಡಿಯುವುದಿಲ್ಲ. ಸುರಿದದ್ದೆಲ್ಲ ಹಳ್ಳಕ್ಕೆ, ಹಳ್ಳದ್ದೆಲ್ಲ ಈ ಸಂದಿಗೆ. 1997ರ ಆಗಸ್ಟ್ 12ರಂದು, ಇಲ್ಲಿಗೆ ಹೆಚ್ಚು ದೂರವಿಲ್ಲದ ಆಂಟಲೋಪ್ ಕ್ಯಾನಿಯನ್‌ನಲ್ಲಿ 11 ಪ್ರವಾಸಿಗರು ಕೊಚ್ಚಿಹೋಗಿ ಸತ್ತರು. ಮಳೆ ಸುರಿದದ್ದು ಎಷ್ಟೋ ಮೈಲಿ ಆಚೆ. 2015ರ ಸೆಪ್ಟೆಂಬರ್‌ನಲ್ಲಿ ಜಯಾನ್ ರಾಷ್ಟ್ರೀಯ ಉದ್ಯಾನದ ಕೀಹೋಲ್ ಕಮರಿಯಲ್ಲಿ ಏಳು ಜನ ಹೀಗೆಯೇ ಹೋದರು.

ಆದ್ದರಿಂದ ಹಿಂದಿನ ರಾತ್ರಿ ಒಮ್ಮೆ, ಹೊರಡುವ ಬೆಳಿಗ್ಗೆ ಇನ್ನೊಮ್ಮೆ ಅಲ್ಲಿನ ರಾಷ್ಟ್ರೀಯ ಹವಾಮಾನ ಸೇವೆಯ ದಿಢೀರ್ ಪ್ರವಾಹ ಮುನ್ಸೂಚನೆ ನೋಡಿ. ಕಮರಿ ಇರುವ ಜಾಗದ್ದು ಮಾತ್ರ ನೋಡಿದರೆ ಸಾಲದು, ಅದಕ್ಕೆ ನೀರು ಹರಿದುಬರುವ ಎತ್ತರದ ಪ್ರದೇಶಗಳದ್ದೂ ಬೇಕು. ಕನಾಬ್ ಊರಿನಲ್ಲಿ ಸರ್ಕಾರಿ ಮಾಹಿತಿ ಕೇಂದ್ರವಿದೆ. ಅಲ್ಲಿ ಕೇಳಲು ಸಂಕೋಚ ಬೇಡ, ನಿತ್ಯ ಈ ಪ್ರಶ್ನೆಗೇ ಉತ್ತರ ಹೇಳುವವರು ಅವರು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲೂ ಮಾನ್ಸೂನ್, ಹೆಸರೂ ಅದೇ. ಬೆಳಿಗ್ಗೆ ಶುಭ್ರವಾಗಿದ್ದ ಆಕಾಶ ಮಧ್ಯಾಹ್ನಕ್ಕೆ ಗುಡುಗುತ್ತದೆ. ನನ್ನ ಮಟ್ಟಿಗೆ ಏಪ್ರಿಲ್–ಮೇ ಅಥವಾ ಅಕ್ಟೋಬರ್ ಸರಿ.

ಒಳಗೆ ಇಳಿದ ಮೇಲೆ ಕಾಣುವುದು ಗೇಣುದ್ದದ ಆಕಾಶ. ಅದನ್ನು ನೋಡಿ ಯಾವ ತೀರ್ಮಾನಕ್ಕೂ ಬರಲಾಗದು. ಹೋಗಬೇಕೋ ಬೇಡವೋ ಎಂಬುದು ಕಾರಿನ ಬಳಿಯೇ ಮುಗಿಯಬೇಕು. ಅನುಮಾನವಿದ್ದರೆ ಕನಾಬ್‌ಗೆ ಹಿಂತಿರುಗಿ ಕಾಫಿ ಕುಡಿಯಿರಿ.

2. ಪರವಾನಗಿ, ರಸ್ತೆ, ಗಡಿಯಾರ

ಹಗಲು ನಡಿಗೆಗೆ ತಲೆಗೆ 6 ಡಾಲರ್ ಶುಲ್ಕ, ನಾಯಿ ಜೊತೆಗಿದ್ದರೆ ಅದಕ್ಕೂ ಅಷ್ಟೇ. ಅಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಊರಲ್ಲೇ ಆನ್‌ಲೈನ್‌ನಲ್ಲಿ ಕಟ್ಟಿಬಿಡಿ. ಇದೇ ಪಾರ್ಕಿಂಗ್ ಜಾಗದಿಂದ 'ದಿ ವೇವ್' ಎಂಬ ಹೆಸರಾಂತ ಬಂಡೆಗೂ ದಾರಿ ಹೊರಡುತ್ತದೆ. ಲಾಟರಿ ಇರುವುದು ಅದಕ್ಕೆ, ದಿನಕ್ಕೆ 64 ಜನ ಮಾತ್ರ. ಎರಡನ್ನೂ ಒಂದೇ ಎಂದುಕೊಂಡು ಆಸೆ ಬಿಟ್ಟವರಿದ್ದಾರೆ. ವೈರ್ ಪಾಸ್‌ನ ಹಗಲು ನಡಿಗೆಗೆ ಲಾಟರಿ ಇಲ್ಲ.

ಕನಾಬ್ ಮತ್ತು ಪೇಜ್ ಊರುಗಳ ನಡುವೆ 89ನೇ ಹೆದ್ದಾರಿಯಿಂದ ಹೌಸ್ ರಾಕ್ ವ್ಯಾಲಿ ರಸ್ತೆಗೆ ತಿರುಗಬೇಕು. ಅಲ್ಲಿಂದ ಸುಮಾರು 13 ಕಿ.ಮೀ. ಮಣ್ಣುರಸ್ತೆ. ಒಣಗಿದ್ದರೆ ಸಾಮಾನ್ಯ ಕಾರೂ ನಿಧಾನಕ್ಕೆ ಹೋಗುತ್ತದೆ. ಒದ್ದೆಯಾದರೆ ನಮ್ಮ ಎರೆಮಣ್ಣಿನ ಹೊಲದ ದಾರಿಯೇ ಸರಿ, ನಾಲ್ಕು ಚಕ್ರಕ್ಕೂ ಶಕ್ತಿಯಿರುವ ಜೀಪೂ ಹೂತುಕೊಳ್ಳುತ್ತದೆ. ಬಾಡಿಗೆ ಕಾರಾದರೆ ಕರಾರು ಓದಿಕೊಳ್ಳಿ, ಡಾಂಬರಿಲ್ಲದ ರಸ್ತೆಗೆ ಹಲವರು ಒಪ್ಪುವುದಿಲ್ಲ.

ಇನ್ನೊಂದು ತಮಾಷೆ. ಬೇಸಿಗೆಯಲ್ಲಿ ಯೂಟಾದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಅರಿಜೋನದವರು ಇಡುವುದಿಲ್ಲ. ಗಡಿಯಲ್ಲಿ ನಿಮ್ಮ ಫೋನ್ ಎರಡೂ ಕಡೆ ಜಿಗಿಯುತ್ತಿರುತ್ತದೆ. ಕೈಗಡಿಯಾರ ಕಟ್ಟಿಕೊಳ್ಳಿ.

3. ಚೀಲ ಸಣ್ಣದಿರಲಿ

ಕೆಲವೆಡೆ ಭುಜ ಓರೆ ಮಾಡಿ ನುಸುಳಬೇಕಾಗುವುದರಿಂದ ದೊಡ್ಡ ಬ್ಯಾಗ್ ಕಾಟ ಕೊಡುತ್ತದೆ. ಆದರೆ ನೀರಿನಲ್ಲಿ ಉಳಿತಾಯ ಬೇಡ: ಬಿಸಿಲ ದಿನ ಒಬ್ಬರಿಗೆ ಮೂರು–ನಾಲ್ಕು ಲೀಟರ್. ದಾರಿಯಲ್ಲಿ ಕುಡಿಯುವ ನೀರು ಎಲ್ಲೂ ಸಿಗದು. ಕೋಡುಬಳೆ, ಚಕ್ಕುಲಿಯಂಥ ಉಪ್ಪಿನ ತಿಂಡಿ ಒಳ್ಳೆಯದು. ಕೆಸರಾದರೂ ಬೇಸರವಿಲ್ಲದ ಹಳೆಯ ಶೂ, ಒಂದು ತೆಳು ಜಾಕೆಟ್ ಇರಲಿ. ಶೌಚಾಲಯ ಪಾರ್ಕಿಂಗ್‌ನಲ್ಲಿ ಮಾತ್ರ. ಒಳಗೆ ಅವಸರವಾದರೆ ಅದನ್ನೂ ಚೀಲದಲ್ಲಿ ಕಟ್ಟಿ ಹೊರತರಬೇಕು.

4. ಹಳ್ಳದಿಂದ ಸಂದಿಗೆ

ಮೊದಲ ಭಾಗ ಬೇಸರದ್ದೇ. ಅಗಲವಾದ ಒಣ ಹಳ್ಳ, ಕಾಲು ಹೂಳುವ ಮರಳು. ಬಲಕ್ಕೆ ವೇವ್‌ನ ದಾರಿ ಕವಲೊಡೆದ ಮೇಲೂ ಹಳ್ಳ ಬಿಡಬೇಡಿ. ಆಮೇಲೆ ಗೋಡೆಗಳು ಹತ್ತಿರ ಬರುತ್ತವೆ, ಕೈ ಚಾಚಿದರೆ ಎರಡೂ ಕಡೆ ಸಿಗುವಷ್ಟು.

ಒಂದೆಡೆ ಸಿಕ್ಕಿಕೊಂಡ ಬಂಡೆಯ ಕೆಳಗೆ ಎಂಟು–ಹತ್ತು ಅಡಿ ಇಳಿಯಬೇಕು. ಕೆಲವೊಮ್ಮೆ ಅಲ್ಲಿ ಏಣಿ ಇರುತ್ತದೆ, ಪ್ರವಾಹ ಬಂದಾಗ ನೆಲದ ಮಟ್ಟವೇ ಬದಲಾಗುತ್ತದೆ. ಗೋಡೆಗೆ ಮುಖ ಮಾಡಿ ಇಳಿಯಿರಿ, ಚೀಲ ಕೆಳಗಿನವರ ಕೈಗೆ ಮೊದಲೇ ಕೊಡಿ. ಮರಳಿ ಹತ್ತಲು ಆಗುವುದಿಲ್ಲ ಅನ್ನಿಸಿದರೆ ಇಳಿಯಲೇಬೇಡಿ.

ಈಗ ತಲೆಯೆತ್ತಿ ನೋಡಿ. ಎಷ್ಟೋ ಎತ್ತರದಲ್ಲಿ ಎರಡು ಗೋಡೆಗಳ ನಡುವೆ ಮರದ ದಿಮ್ಮಿಗಳು ಸಿಕ್ಕಿಕೊಂಡಿರುತ್ತವೆ. ಅವನ್ನು ಯಾರೂ ಹೊತ್ತು ತಂದಿಟ್ಟದ್ದಲ್ಲ. ನೀರು ಎಲ್ಲಿಯವರೆಗೆ ಏರಿತ್ತು ಎಂಬುದಕ್ಕೆ ಅಷ್ಟು ಗುರುತು ಸಾಕು.

5. ಬಣ್ಣ ಓದುವುದು

ಇದು ನವಾಹೋ ಮರಳುಗಲ್ಲು. ಸುಮಾರು 18–19 ಕೋಟಿ ವರ್ಷಗಳ ಹಿಂದೆ ಇಲ್ಲೆಲ್ಲ ಮರಳುಗುಡ್ಡಗಳಿದ್ದವು. ಗೋಡೆಯ ಮೇಲೆ ಓರೆಯಾಗಿ ಒಂದನ್ನೊಂದು ಕತ್ತರಿಸುವ ಗೆರೆಗಳು ಆ ಗುಡ್ಡಗಳ ಇಳಿಜಾರುಗಳೇ, ಗಾಳಿ ಬೀಸಿದ ದಿಕ್ಕಿನ ದಾಖಲೆ. ಕೆಂಪು, ಕಿತ್ತಳೆ ಬರುವುದು ಮರಳಿನ ಕಣಗಳಿಗೆ ಅಂಟಿದ ಕಬ್ಬಿಣದ ಆಕ್ಸೈಡ್‌ನಿಂದ, ಅಂದರೆ ತುಕ್ಕಿನಿಂದ. ಬಾದಾಮಿಯ ಕೆಂಪಿಗೂ ಕಾರಣ ಅದೇ, ಆದರೆ ನಮ್ಮ ಕಲ್ಲು ಇದಕ್ಕಿಂತ ಬಹಳ ಬಹಳ ಹಿರಿಯದು. ನೆಲದಡಿಯ ದ್ರವಗಳು ಕಬ್ಬಿಣವನ್ನು ತೊಳೆದೊಯ್ದ ಕಡೆ ಬಿಳಿಚಿದೆ. ಮಸಿ ಇಳಿದಂಥ ಕಪ್ಪು ಪಟ್ಟೆಗಳಲ್ಲಿ ಮ್ಯಾಂಗನೀಸ್ ಇದೆ.

ಚಂದದ ಬೆಳಕು ನೇರ ಬಿಸಿಲಲ್ಲಿ ಸಿಗುವುದಿಲ್ಲ. ಮೇಲಿನ ಗೋಡೆಗೆ ಬಿಸಿಲು ಬಿದ್ದು, ಅದು ಪುಟಿದು ಕೆಳಗಿನ ನೆರಳಿಗೆ ಬಂದಾಗ ಕಲ್ಲು ಒಳಗಿನಿಂದ ಕೆಂಡದಂತೆ ಹೊಳೆಯುತ್ತದೆ. ಫೋಟೊದಲ್ಲಿ ಆಕಾಶದ ತುಣುಕು ಸೇರಿಸಬೇಡಿ, ಉಳಿದದ್ದೆಲ್ಲ ಕಪ್ಪಾಗುತ್ತದೆ.

6. ಸಂಗಮದಲ್ಲಿ ಒಮ್ಮೆ ಹಿಂತಿರುಗಿ

ಸುಮಾರು 2.7 ಕಿ.ಮೀ.ಗೆ ವೈರ್ ಪಾಸ್ ಬಕ್‌ಸ್ಕಿನ್‌ಗೆ ಸೇರುತ್ತದೆ. ಅಲ್ಲಿ ಬಂಡೆಯ ಮೇಲೆ ಕೊಂಬಿನ ಕಾಡುಕುರಿಗಳ ಹಳೆಯ ಕೆತ್ತನೆಗಳಿವೆ. ಕೈಯ ಜಿಡ್ಡು ತಾಗಿಸದೆ ನೋಡಿ. ಮುಂದಕ್ಕೆ ಹೆಜ್ಜೆ ಇಡುವ ಮೊದಲು ತಿರುಗಿ ನಿಂತು, ನೀವು ಹೊರಬಂದ ಬಾಯಿ ಈ ಕಡೆಯಿಂದ ಹೇಗೆ ಕಾಣುತ್ತದೆಂದು ನೆನಪಿಟ್ಟುಕೊಳ್ಳಿ. ಫೋಟೊ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಬರುವಾಗ ಗೊತ್ತಾಗದೆ ಅದನ್ನು ದಾಟಿ ಮುಂದೆ ಹೋಗಿಬಿಡುವುದು ಸುಲಭ.

ಬಲಕ್ಕೆ ತಿರುಗಿದರೆ ಕಮರಿ ಆಳವಾಗುತ್ತಾ ಹೋಗುತ್ತದೆ. ಒಂದೆರಡು ಕಿ.ಮೀ. ನಡೆದರೆ ಧಾರಾಳ. ಮುಂದೆ ಕೊಳೆತ ನೀರಿನ ಹೊಂಡಗಳು ಸಿಗಬಹುದು, ಆಳ ತಿಳಿಯದು, ಚಳಿಗಾಲದಲ್ಲಿ ಮಂಜಿನಷ್ಟು ತಣ್ಣಗಿರುತ್ತದೆ. ನೀರಿನ ಬಾಟಲಿ ಅರ್ಧವಾದಾಗ ತಿರುಗಿಬಿಡಿ. ಏರುವಾಗಿನ ಮರಳು ಇಳಿಯುವಾಗಿನದಕ್ಕಿಂತ ಹೆಚ್ಚು ದಣಿಸುತ್ತದೆ.

ಕಾರಿನಲ್ಲಿ ಒಂದು ಜೊತೆ ಕಾಲುಚೀಲ, ಒಂದು ದೊಡ್ಡ ಕ್ಯಾನ್ ನೀರು ಇಟ್ಟಿರಿ. ಶೂ ಎಷ್ಟು ಕೊಡವಿದರೂ ಆ ಕೆಂಪು ಮರಳು ಸ್ವಲ್ಪ ಮನೆಯವರೆಗೂ ಬರುತ್ತದೆ.